ಸ್ಟೇನ್‌ಬ್ರಿಗ್‌ನ ಹೆಸರು ಕೆಡಿಸಿದವಳು

...ಕೂತ್ಕೋ ಮೋರಿನ್, ಕೂತ್ಕೋ. ಲೈಬ್ರರೀಲಿ ನಿನ್ನ ಸನ್ಮಾನ ಮೂರು ಗಂಟೆಗೆ ತಾನೇ? ಟೀ ಕುಡಿದೇ ಹೋಗು. ನಿನ್ನ ಎತ್ತಿ ಆಡಿಸಿದ ಪಕ್ಕದ ಮನೆ ಎನಿಡ್ ಆಂಟಿ ಕಣೇ ನಾನು, ವಿಷ ಹಾಕಲ್ಲ. ಯಾಕೆ ನಗ್ತೀಯ? ಓಹೋ, ಇವಳು ಅದಕ್ಕೂ ಹೇಸೋಳಲ್ಲ ಅಂತಲಾ? ಹಂಗಂತ ಬರೆದೋಳೇ ನೀನಲ್ವಾ.

ನಾನೂರು ವರ್ಷ ಸ್ಟೇನ್‌ಬ್ರಿಗ್ ಅನ್ನೋ ಹೆಸರು ಈ ಟೀಸ್ ಹೊಳೆ ದಾಟಿರಲಿಲ್ಲ. ಸುಖವಾಗಿದ್ವಿ. ನೀನು ಲಂಡನ್ನಲ್ಲಿ ಕೂತು ಊರ ಹೆಸರನ್ನೇ ಕಾದಂಬರಿ ಮೇಲೆ ದಪ್ಪಕ್ಷರದಲ್ಲಿ ಹಾಕಿದೆ. ಈಗ ಶನಿವಾರ ಬಂತು ಅಂದ್ರೆ ಯಾರ್‍ಯಾರೋ ಪುಸ್ತಕ ಹಿಡ್ಕೊಂಡು ಬಂದು ನನ್ನ ಬಾಗಿಲ ಫೋಟೋ ತೆಗೀತಾರೆ. ಗೋಡೆ ಬಡಿದ್ರೂ ಬಾರದೋಳ ಮನೆ ಇದೇನಾ ಅಂತ ನನ್ನನ್ನೇ ಕೇಳ್ತಾರೆ! ಚರ್ಚಲ್ಲಿ ನನ್ನ ಬೆಂಚಿನ ಮೇಲೆ ಈಗ ನಾನೊಬ್ಬಳೇ.

ಗೊತ್ತಮ್ಮ, ಗೊತ್ತು. ಈ ಸಾಲುಮನೆಗಳ ಪದ್ಧತಿ ನನಗೆ ಹೇಳಿಕೊಡಬೇಡ. ಕಷ್ಟ ಬಂದ್ರೆ ಒಲೆ ಕೆದಕೋ ಸಲಾಕೆಯಿಂದ ಒಲೆ ಹಿಂದಿನ ಗೋಡೆ ಬಡೀಬೇಕು, ಮುಖ ನೋಡದಷ್ಟು ಜಗಳ ಇದ್ರೂ ಪಕ್ಕದೋಳು ಓಡಿಬರಬೇಕು. ಜಗಳ ಇತ್ತು, ಇಲ್ಲ ಅನ್ನಲ್ಲ. ನಿನ್ನಮ್ಮ ಐವಿ ನನ್ನ ಗಂಡನ ಜೊತೆ ಹೊಳೆದಂಡೆ ಮೇಲೆ ಕೈಕೈ ಹಿಡ್ಕೊಂಡು ಓಡಾಡಿದಳು, ಊರೆಲ್ಲ ನೋಡ್ತು. ಅದನ್ನ ಯಾಕೆ ಬರೀಲಿಲ್ಲ? ಕಿಟಕಿ ಆಚೆ ಏನಿದೆ, ನನ್ನ ನೋಡು.

ಹೊಳೆ ಉಕ್ಕಿದ ಮಧ್ಯಾಹ್ನ ನೀನು ಎಂಟು ವರ್ಷದೋಳು, ಅಜ್ಜಿಮನೇಲಿದ್ದೆ. ನಾನು ಚರ್ಚಲ್ಲಿ ಹಾಡು ಕಲೀತಿದ್ದೆ. ಪೊಲೀಸರಿಗೂ ಅದನ್ನೇ ಹೇಳಿದ್ದು. ನಿನ್ನಮ್ಮ ಕಾಲು ಮುರ್ಕೊಂಡು ಕೆಳಗಿನ ಕೋಣೇಲಿ ಮಲಗಿದ್ದಳು. ನೀರು ಇಳಿದ ಮೇಲೆ ನೋಡಿದ್ರೆ ಅವಳ ಹೆಣದ ಕೈಯಲ್ಲಿ ಸಲಾಕೆ. ನಿನ್ನ ಹತ್ರ ಇದ್ದದ್ದು ಅದೊಂದೇ, ಅಷ್ಟರ ಮೇಲೆ ಇಡೀ ಪುಸ್ತಕ ಕಟ್ಟಿದೆ.

ಇವತ್ತು ಎಲ್ಲರೆದುರು ಎದ್ದು ನಿಂತು ನಿನ್ನ ಮಾನ ಕಳೀತೀನಿ. ಇದಕ್ಕೇ ಕಾಯ್ತಿದ್ದೆ. ಸುಳ್ಳುಬುರುಕಿ ಅಂತ ಊರೇ ನಿನ್ನ ಮುಖಕ್ಕೆ ಉಗೀಬೇಕು. ತೊಂಬತ್ತನೇ ಪುಟ ಮಡಚಿ ಇಟ್ಟಿದೀನಿ, ನೋಡು. ಮೂರು ಸಲ ಬಡಿದಳಂತೆ! ನೀನು ಕಂಡಿದ್ಯಾ? ಮೂರಂತೆ, ಮೂರು... ಏಳು ಸಲ ಬಡಿದಳು ಕಣೇ, ಏಳು...

ಕಪ್ ಯಾಕೆ ಕೆಳಗಿಟ್ಟೆ?

ಏಳು ಅಂತ... ಯಾರೋ ಹೇಳಿದ್ರು. ಯಾರು ಅಂದ್ರೆ... ಟೀ ಆರಿಹೋಗ್ತಿದೆ, ಕುಡಿ.

ಏನಾದ್ರೂ ಅನ್ನು ಮೋರಿನ್. ಬೈಯಿ ಬೇಕಾದ್ರೆ. ಹೀಗೆ ಸುಮ್ಮನಿರಬೇಡ. ಏಳನೇ ಪೆಟ್ಟಾದ ಮೇಲೆ ನಿನ್ನಮ್ಮನೂ ಹೀಗೇ ಸುಮ್ಮನಾದಳು.