ಹೊಲಿಯದೆ ಬಿಟ್ಟ ಹೊಟ್ಟೆ

ಹತ್ತಿ ವ್ಯಾಪಾರದ ಒಂದು ಪಟ್ಟಣದಲ್ಲಿ ಒಬ್ಬ ಸಾಹುಕಾರ ಇದ್ದ. ಹೆಸರು ಚನ್ನವೀರಪ್ಪ. ಹತ್ತಿ ಮಿಲ್ಲಿತ್ತು, ಲಾರಿಗಳಿದ್ದವು, ಕರೆದರೆ ಓಡಿ ಬರೋ ಜನ ಇದ್ದರು. ಒಂದು ಮಾತ್ರ ಇರಲಿಲ್ಲ. ನನಗೆ ನೋಯ್ತಾ ಇದೆ ಅಂತ ಹೇಳೋ ಬಾಯಿ ಇರಲಿಲ್ಲ.

ಮೊದಲು ಮಂಡಿನೋವು ಬಂತು. ಯಾರಿಗೂ ಹೇಳಲಿಲ್ಲ. ಔಷಧದಂಗಡಿಯಿಂದ ನೋವಿನ ಗುಳಿಗೆ ತರಿಸ್ಕೊಂಡು ಖಾಲಿ ಹೊಟ್ಟೇಲಿ ನುಂಗಿದ. ತಿಂಗಳುಗಟ್ಟಲೆ ನುಂಗಿದ. ಆಮೇಲೆ ಹೊಟ್ಟೆ ಉರಿಯೋಕೆ ಶುರುವಾಯ್ತು. ಹೆಂಡತಿ ಗುರುಸಿದ್ದವ್ವ, ಯಾಕೆ ಊಟ ಸೇರ್ತಿಲ್ಲ ಅಂತ ಕೇಳಿದಳು. ಗದರಿಸಿದ. ಮತ್ತೊಂದು ದಿನ ಕೇಳಿದಳು, ಮತ್ತೆ ಗದರಿಸಿದ. ಕೊನೆಗೆ ಅವಳು ಕೇಳೋದನ್ನೇ ಬಿಟ್ಟಳು. ನೋಡಿ, ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಮನೆ ಬಹಳ ಶಾಂತವಾಗಿತ್ತು. ಇಂಥ ಶಾಂತಿ ನಿಮ್ಮ ಮನೇಲೂ ಇದೆಯೋ ಏನೋ, ನೀವೇ ನೋಡ್ಕೊಳ್ಳಿ.

ಒಂದು ದಿನ ವ್ಯಾಪಾರಸ್ಥರ ಜೊತೆ ಚಹಾ ಕುಡೀತಾ ಕೂತವನು ಹೊಟ್ಟೆ ಹಿಡ್ಕೊಂಡು ಮುದುಡಿದ. ಆಗಲೂ ಗ್ಯಾಸು ಅಂದ. ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ. ಮರುದಿನ ಹೊಟ್ಟೆ ಹಲಗೆ ಹಾಗೆ ಬಿಗಿದಿತ್ತು, ಉಸಿರು ಮೇಲೆ ಮೇಲೆ ಬರ್ತಿತ್ತು, ಮಾತು ತೊದಲ್ತಿತ್ತು. ಅಣ್ಣ ಬಸಲಿಂಗಪ್ಪ ಕಾರಿಗೆ ಹಾಕ್ಕೊಂಡು ದೊಡ್ಡಾಸ್ಪತ್ರೆಗೆ ಒಯ್ದ.

ಆ ಗುಳಿಗೆ ನುಂಗಿ ನುಂಗಿ ಜಠರ ತೂತಾಗಿತ್ತು. ಒಳಗಿದ್ದದ್ದೆಲ್ಲ ಸೋರಿ ಹೊಟ್ಟೆ ತುಂಬ ಕೀವು. ಡಾಕ್ಟರ್ ಶಾಹಿದಾ ಅನ್ನೋರು ತಕ್ಷಣ ಆಪರೇಷನ್ ಮಾಡಿದರು. ತೂತು ಮುಚ್ಚಿದರು, ಹೊಟ್ಟೆ ತೊಳೆದರು. ಆದರೆ ಹೊಟ್ಟೆಗೆ ಹೊಲಿಗೆ ಹಾಕಲಿಲ್ಲ. ಕೇಳಿದ್ರಾ? ಹೊಟ್ಟೆ ತೆರೆದೇ ಬಿಟ್ಟರು. ಕರುಳಿನ ಮೇಲೊಂದು ತೆಳು ಹಾಳೆ, ಅದರ ಮೇಲೆ ಸ್ಪಂಜು, ಗಾಳಿ ಆಡದ ಹಾಗೆ ಮೇಲೊಂದು ಪ್ಲಾಸ್ಟಿಕ್ ಪೊರೆ. ಅದರಿಂದ ಒಂದು ನಳಿಗೆ ಮಂಚದ ಪಕ್ಕದ ಮೆಷಿನ್‌ಗೆ. ಆ ಮೆಷಿನ್ ಕೆಟ್ಟ ನೀರನ್ನ ಸ್ವಲ್ಪ ಸ್ವಲ್ಪವಾಗಿ ಎಳ್ಕೊಳ್ತಾ ಇತ್ತು.

ಹೊರಗೆ ಕಾದಿದ್ದವರಿಗೆ ಇದನ್ನ ಹೇಳಿದಾಗ ಏನಾಗಿರಬೇಕು? ಹೆದರಿದ ಮನುಷ್ಯ ಸಿಟ್ಟಾಗ್ತಾನೆ, ಬಸಲಿಂಗಪ್ಪನೂ ಸಿಟ್ಟಾದ. ಅರ್ಧ ಕೆಲಸ ಮಾಡಿ ಬಿಟ್ಟಿದ್ದೀರಿ, ಈಗಲೇ ಹೊಲೀರಿ, ಇಲ್ಲಾಂದ್ರೆ ಬೇರೆ ಕಡೆ ಒಯ್ತೀವಿ ಅಂದ. ಡಾಕ್ಟರು ಸಿಟ್ಟಾಗಲಿಲ್ಲ.

"ಕರುಳು ಬಾತ್ಕೊಂಡಾವು. ಬಲವಂತದಿಂದ ಹೊಲಿದರ ಒಳಗ ಒತ್ತಡ ಆಗಿ ಸಾಯ್ತಾರ. ಕೀವೂ ಇನ್ನೂ ಮುಗಿದಿಲ್ಲ. ಎರಡು ದಿನಕ್ಕ ಮತ್ತ ನೋಡಬೇಕು. ಈಗ ಹೊಲಿದರ ಸಮಾಧಾನ ಆಗೂದು ನಿಮಗ, ಅವರಿಗಲ್ಲ."

ಬದುಕ್ತಾನಾ ಅಂತ ಕೇಳಿದ. ಗೊತ್ತಿಲ್ಲ ಅಂದರು ಡಾಕ್ಟರು.

ಗುರುಸಿದ್ದವ್ವ ಆ ಮನೇಲಿ ಯಾವತ್ತೂ ಯಾವುದನ್ನೂ ತೀರ್ಮಾನ ಮಾಡಿದವಳಲ್ಲ. ಒಮ್ಮೆ ನೋಡಬೇಕು ಅಂದಳು. ಒಳಗೆ ಬಿಟ್ಟರು. ಗಂಡನ ಬಾಯಲ್ಲಿ ಉಸಿರಿನ ನಳಿಗೆ, ಎಚ್ಚರ ಇಲ್ಲ. ಆ ಪೊರೆ ಕೆಳಗೆ ಸ್ಪಂಜು ಕಾಣ್ತಿತ್ತು, ನಳಿಗೆಯಲ್ಲಿ ಮಣ್ಣುಬಣ್ಣದ ನೀರು ಹರೀತಿತ್ತು. ಮಂಚದ ಕಂಬಿ ಹಿಡ್ಕೊಂಡು ನೋಡಿದಳು. ನಾನು ಇನ್ನೊಂದು ಸಲ ಕೇಳಿದ್ದರೆ ಅನ್ನೋದೊಂದೇ ಅವಳ ತಲೇಲಿ.

ಹೊರಗೆ ಬಂದು ಭಾವನಿಗೆ ಅಂದಳು: "ಇಷ್ಟು ದಿನ ಮುಚ್ಚಿಟ್ಟು ಹೀಂಗಾತ್ರಿ ಭಾವಾರ. ಹೊಟ್ಟಿಯೊಳಗ ಏನೈತಿ ಅಂತ ಆ ಡಾಕ್ಟರು ನೋಡ್ಲಿ. ಎಲ್ಲಿಗೂ ಒಯ್ಯೂದು ಬ್ಯಾಡ."

ಆ ಎರಡು ದಿನ ಹೇಗೆ ಕಳೆದವೋ. ಬಾಗಿಲು ತೆರೆದಾಗೆಲ್ಲ ಎದ್ದು ನಿಲ್ಲೋದು, ನರ್ಸು ಬೇರೆ ಯಾರದೋ ಹೆಸರು ಕೂಗಿದರೆ ಕುಸಿದು ಕೂರೋದು. ಮತ್ತೆ ಆಪರೇಷನ್ ಕೋಣೆಗೆ ಒಯ್ದರು. ಯಕೃತ್ತಿನ ಕೆಳಗೆ ಇನ್ನೊಂದು ಕಡೆ ಕೀವು ಕಟ್ಟಿತ್ತು! ತೆಗೆದು ತೊಳೆದರು, ಸ್ಪಂಜು ಬದಲಿಸಿದರು. ಹೊಲಿದು ಬಿಟ್ಟಿದ್ದರೆ ಅದು ಒಳಗೇ ಇರ್ತಿತ್ತು. ಬಸಲಿಂಗಪ್ಪ ಅದನ್ನ ಕೇಳಿ ಗೋಡೆಗೆ ಹಣೆ ಇಟ್ಟು ನಿಂತ. ಮತ್ತೆ ಕಾದರು. ಜ್ವರ ಏರ್ತಿತ್ತು, ಇಳೀತಿತ್ತು. ಮೂರನೇ ಸಲ ನೋಡಿದಾಗ ಒಳಗೆ ಶುದ್ಧವಾಗಿತ್ತು, ಬಾವು ಇಳಿದಿತ್ತು. ಆಗ ಹೊಲಿದರು.

ಉಸಿರಿನ ನಳಿಗೆ ತೆಗೆದ ಮೇಲೆ ಚನ್ನವೀರಪ್ಪ ಹೆಂಡತಿ ಕಡೆ ತಿರುಗಿದ. "ಭಾಳ ನೋಯ್ತದ" ಅಂದ. ಅವಳು ಕುರ್ಚಿ ಹತ್ತಿರ ಎಳ್ಕೊಂಡು, ಎಲ್ಲಿ ನೋಯ್ತದ ಹೇಳ್ರಿ ಅಂದಳು. ಇವತ್ತು ಅವನು ಹೊಟ್ಟೆಗೆ ಆಸರೆಯ ಪಟ್ಟಿ ಕಟ್ಟಿಕೊಂಡು ನಿಧಾನವಾಗಿ ಓಡಾಡ್ತಾನೆ. ಭಾರ ಎತ್ತೋ ಹಾಗಿಲ್ಲ. ಆದರೆ ಇದ್ದಾನೆ.

ಈಗ ನಿಮ್ಮನ್ನ ಕೇಳ್ತೀನಿ. ನಾವು ಮನೇಲಿ ಮಾಡೋದೇನು? ಮಗಳು ಸಪ್ಪಗಿದ್ದರೆ ಎಲ್ಲ ಸರಿಹೋಗುತ್ತೆ ಬಿಡು ಅಂತೀವಿ. ಅಣ್ಣತಮ್ಮಂದಿರು ಜಗಳ ಆಡಿದರೆ ಕೈ ಕೈ ಹಿಡಿಸಿ ಊಟಕ್ಕೆ ಕೂರಿಸ್ತೀವಿ. ಒಳಗೆ ಏನಿದೆ ನೋಡಿದ್ವಾ? ಇಲ್ಲ. ನೋಡೋಕೆ ನಮಗೇ ಭಯ. ಅದಕ್ಕೇ ಇಷ್ಟು ಅವಸರದಲ್ಲಿ ಹೊಲೀತೀವಿ.

ನೋವಿದ್ದವರು ಇವತ್ತೇ ಹೇಳಿ. ಮೈ ನೋವಾದರೆ ಡಾಕ್ಟರಿಗೆ ಹೇಳಿ, ಮನಸ್ಸಿನ ನೋವಾದರೆ ಮನೆಯವರಿಗೆ ಹೇಳಿ. ಕೇಳೋರು, ಟಿವಿ ಆರಿಸಿ, ಮೊಬೈಲ್ ಪಕ್ಕಕ್ಕಿಡಿ. ಒಮ್ಮೆ ಗದರಿಸಿಕೊಂಡಿರಾ? ನಾಳೆ ಮತ್ತೆ ಕೇಳಿ. ಅವರು ಮಾತು ಶುರು ಮಾಡಿದರೆ ಬುದ್ಧಿ ಹೇಳಬೇಡಿ, ಮಧ್ಯೆ ಬಾಯಿ ಹಾಕಬೇಡಿ. ಕೇಳಿದ್ದು ನಿಮಗೆ ಸಹಿಸೋಕಾಗದೆ ಇರಬಹುದು, ತಪ್ಪು ನಿಮ್ಮದೇ ಅಂತ ತಿಳಿಯಬಹುದು. ಆದರೂ ಅವರು ಹೇಳಿ ಮುಗಿಸೋತನಕ ಅಲ್ಲಿಂದ ಎದ್ದು ಹೋಗಬೇಡಿ.