ದೊರೆಗೆ ಬೇಯಿಸದ ಗೋಧಿ

ಸಂಜೆಯ ಮಳೆ ಹೆಂಚಿನ ಮೇಲೆ ಕುಣಿಯುತ್ತಿತ್ತು. ಪ್ಲಮ್ ಹಣ್ಣಿನ ಸಾರಾಯಿ ಭಟ್ಟಿ ಇಳಿಸುವ ಕೊಟ್ಟಿಗೆಯಲ್ಲಿ, ತಾಮ್ರದ ಹಂಡೆಯ ಸುತ್ತ ನಾವು ಏಳೆಂಟು ಜನ ಒತ್ತಿಕೊಂಡು ಕೂತಿದ್ದೆವು. ಸ್ತಾನಿಯಾ ತನ್ನ ಅಪ್ಪ ಸತ್ತ ನಲವತ್ತನೆಯ ದಿನದ ಗೋಧಿ ತಂದಿದ್ದಳು. ಬೇಯಿಸಿ, ಸಕ್ಕರೆ, ಅಕ್ರೋಟು ಬೆರೆಸಿದ್ದು. ಜೀವ ನೆಮ್ಮದಿಯಾಗಿ ಹೊರಟುಹೋಗಲೆಂದು ಸತ್ತವನ ಹೆಸರು ಹೇಳಿ ಒಂದೊಂದು ಚಮಚ ತಿಂದೆವು. ಓಗ್ನೆನ್ ಅಜ್ಜ ಮಾತ್ರ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ತಿನ್ನಜ್ಜ, ಹಲ್ಲಿಲ್ಲದೋರೂ ತಿಂತಾರೆ!” ಎಂದು ಸ್ತಾನಿಯಾ ಛೇಡಿಸಿದಳು.

“ಮೊದ್ಲು ಕತೆ ಕೇಳೇ, ಬಾಯಾಳಿ. ವಿತೊಮಿರ್ ದೊರೆ ಇಪ್ಪತ್ತಾರು ವರ್ಷ ಆಳ್ದ... ಆಳ್ದ ಅಂದ್ರೆ, ಪಾರ್ಲಿಮೆಂಟಿಗೆ ಬೀಗ ಜಡಿದು, ಕೀಲಿ ಜೇಬಲ್ಲಿಟ್ಕೊಂಡು ಆಳ್ದ. ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಎರಡ್ಸಲ ಕೆಮ್ಮೋನು. ಇಡೀ ದೇಶ ಸೂಪಿನ ಚಮಚ ಕೆಳಗಿಟ್ಟು ಎದ್ದು ನಿಲ್ಬೇಕು. ಆಗ ನಾನು ತೊದಲ. ನನ್ನ ಹೆಸರು ಹೇಳೋಕೇ ಅರ್ಧ ಗಂಟೆ! ಆದ್ರೆ ದೊರೆ ಥರ ಮಾತಾಡಿದ್ರೆ... ನೀರು ಹರಿದ ಹಾಗೆ. ಹೆಂಡದಂಗಡೀಲಿ ಅವನ ಕೆಮ್ಮು ಕೆಮ್ಮಿ ಎಲ್ರನ್ನೂ ನಗಿಸಿದೆ. ನಗದೇ ಇದ್ದೋನು ಒಬ್ಬನೇ, ಪೊಲೀಸ್ನೋನು. ಏಳು ವರ್ಷ ಜೈಲು.

ಎರಡನೇ ಚಳಿಗಾಲಕ್ಕೆ ಮಂತ್ರಿಗಳೇ ಬಂದು ಅರಮನೆಗೆ ಕರ್ಕೊಂಡು ಹೋದ್ರು. ಮಂಚದ ಮೇಲೆ ದೊರೆ... ಸತ್ತು ಎರಡು ದಿನ ಆಗಿತ್ತು. ‘ಸುದ್ದಿ ಹೊರಗೆ ಬಿದ್ರೆ ಸೈನ್ಯ ದಂಗೆ ಏಳತ್ತೆ. ಯುವರಾಜ ಬರೋ ತನಕ ರೇಡಿಯೋದಲ್ಲಿ ನೀನೇ ದೊರೆ. ಆಮೇಲೆ ಮನೆಗೆ ಹೋಗು’ ಅಂದ್ರು. ಐದು ಭಾನುವಾರ ಮಾತಾಡಿದೆ. ಆರನೇ ಭಾನುವಾರಕ್ಕೆ ಅವನ ನಲವತ್ತನೇ ದಿನ... ಬದುಕಿರೋ ದೊರೆಗೆ ಯಾರು ಗೋಧಿ ಬೇಯಿಸ್ತಾರೆ? ಹೆಸರು ಕೂಗಿ ಯಾರು ಕಳಿಸ್ಕೊಡ್ತಾರೆ? ಗೋಧಿ ಸಿಗದ ಜೀವ ಹೋಗೋದಾದ್ರೂ ಎಲ್ಲಿಗೆ?

ಅವತ್ತು ಮೈಕಿನ ಮುಂದೆ ಕೂತೆ. ನಾನು ಕೆಮ್ಮೋಕೆ ಮೊದ್ಲೇ... ನನ್ನ ಗಂಟಲು ಕೆಮ್ತು. ಎರಡ್ಸಲ.

ಯುವರಾಜ ಬಂದ, ದೊರೆ ಸತ್ತ ಅಂತ ಸಾರಿದ್ರು, ನನ್ನನ್ನೂ ಬಿಟ್ರು. ಆದ್ರೆ ನಲವತ್ತನೇ ದಿನ ಮೀರಿತ್ತು. ಮನೆಗೆ ಹೋಗಿ, ಬಾಗಿಲು ತಟ್ಟಿ, ‘ಅಮ್ಮಾ’ ಅಂದೆ... ಬಾಗಿಲು ತೆಗೆದೋಳು ಹಿಟ್ಟಿನ ಕೈ ಒರೆಸ್ಕೊಂಡು, ತಲೆ ತಗ್ಗಿಸಿ, ನೆಟ್ಟಗೆ ನಿಂತ್ಲು.”

ಸ್ತಾನಿಯಾ ಚಮಚ ತುಂಬಿದಳು. “ಈಗ್ಲಾದ್ರೂ ಅವನ ಹೆಸರಲ್ಲಿ ತಿನ್ನಜ್ಜ. ಹೋಗ್ಲಿ ಅವನು.”

ಅಜ್ಜನ ತುಟಿ ಅದುರಿತು. “ಕೊ... ಕೊ... ಕೊಡು...” ಎಂದು ಕೈ ಚಾಚಿದ. ಇಷ್ಟು ವರ್ಷದಲ್ಲಿ ನಾವು ಯಾರೂ ಕೇಳಿರದ ದನಿ, ಬಾವಿಯೊಳಗಿಂದ ಬಂದಂತಿತ್ತು.

ಆಮೇಲೆ ಎರಡು ಸಲ ಕೆಮ್ಮಿದ. ಬಟ್ಟಲೆತ್ತಿ ಗೋಧಿಯನ್ನೆಲ್ಲ ಒಲೆಗೆ ಸುರಿದ.

“ಬೇಡ ಮಗಳೇ. ನಂಗೆ ಇಲ್ಲೇ ಹಿತವಾಗಿದೆ... ಅರೆ, ಎಲ್ರೂ ಯಾಕೆ ಎದ್ದು ನಿಂತಿದ್ದೀರಿ? ಕೂತ್ಕೊಳ್ಳಿ.”