ಎರಡನೇ ಮಹಡಿಯ ಗುಂಡಿ

ಗುರುವಾರ ಬಂತೆಂದರೆ ಆಸ್ಪತ್ರೆಯ ಲಿಫ್ಟಿನವನು ನಾಲ್ಕನೇ ಮಹಡಿಯ ಗುಂಡಿಯ ತಂಟೆಗೆ ಹೋಗುತ್ತಿರಲಿಲ್ಲ. ಆಟಿಸಂ ಇದ್ದ ಆ ಪುಟ್ಟ ಹುಡುಗಿಯೇ ಬಂದು ಅದನ್ನು ಒತ್ತಬೇಕು. ಬೇರೆಯವರು ಒತ್ತಿದರೆ ಸೂರು ಹಾರಿಹೋಗುವಂತೆ ಕಿರುಚುತ್ತಿದ್ದಳು. ನಾಲ್ಕರಲ್ಲಿ ಅವಳ ಮಾತಿನ ತರಬೇತಿ. ಎರಡು ವರ್ಷದಲ್ಲಿ ಒಮ್ಮೆಯೂ ಬೆರಳು ತಪ್ಪಿರಲಿಲ್ಲ.

ಇವತ್ತು ಅವಳು ಎರಡನ್ನು ಒತ್ತಿದಳು.

“ಅಲ್ಲ ಪುಟ್ಟೀ, ನಾಲ್ಕು,” ಎಂದಳು ತಾಯಿ.

ಹುಡುಗಿ ತಾಯಿಯ ಬೆನ್ನಿಗೆ ಕಿವಿಯಿಟ್ಟು ನಿಂತಳು.

“ಇದೇನೇ ಹೊಸದು?” ಜೊತೆಗಿದ್ದ ದೊಡ್ಡಮ್ಮ ಕೇಳಿದಳು.

“ಮೂರು ದಿನದಿಂದ ಹೀಗೇ ಅಕ್ಕ. ಪಾತ್ರೆ ತೊಳೀತಿದ್ರೂ ಬಂದು ಕಿವಿ ಇಡ್ತಾಳೆ.”

“ನಮ್ಮಮ್ಮನ ಬೆನ್ನಿಗೂ ಇಡ್ತಿದ್ಲಲ್ಲ?”

“ಹೂಂ.”

“ಯಾವಾಗ?”

“ಅಮ್ಮ ತೀರ್ಕೊಳ್ಳೋಕೆ ಮುಂಚೆ.”

ದೊಡ್ಡಮ್ಮ ಲಿಫ್ಟಿನವನತ್ತ ತಿರುಗಿದಳು. “ಹೃದಯದ ಡಾಕ್ಟ್ರು ಈಗ್ಲೂ ಎರಡರಲ್ಲೇ ತಾನೆ, ಅಣ್ಣ?”

“ಹೌದಮ್ಮ.”

“ನಿಂಗೇನಾದ್ರೂ ಆಗ್ತಿದ್ಯೇನೇ?” ದೊಡ್ಡಮ್ಮ ತಂಗಿಯನ್ನು ಕೇಳಿದಳು.

“ಏನಿಲ್ಲ ಬಿಡಕ್ಕ. ಎಡಗೈ ಸ್ವಲ್ಪ ಜೋಮು ಹಿಡಿದಂಗೆ, ಅಷ್ಟೆ. ತರಬೇತಿಗೆ ಹೊತ್ತಾಯ್ತು.”

ಎರಡರಲ್ಲಿ ಬಾಗಿಲು ತೆರೆಯಿತು. ಹುಡುಗಿ ನೆಟ್ಟಗೆ ಹೋಗಿ, ಸಾಲಿನ ಮೂರನೇ ಕುರ್ಚಿಯನ್ನು ಅಂಗೈಯಿಂದ ಒರೆಸಿ, ತಾಯಿಗಾಗಿ ಕಾದು ನಿಂತಳು.

“ಅಮ್ಮ ಅವತ್ತು ಕೂತಿದ್ದೂ ಅಲ್ಲೇ,” ಎಂದಳು ದೊಡ್ಡಮ್ಮ. ತಂಗಿಯ ರಟ್ಟೆ ಹಿಡಿದು ಇಳಿಸಿಕೊಂಡು ಹೋದಳು.

ತರಬೇತಿಯವರಿಗೆ ಸುದ್ದಿ ಮುಟ್ಟಿಸಲು ಲಿಫ್ಟಿನವನು ಹುಡುಗಿ ಇನ್ನೂ ಎದುರಿಗಿರುವಾಗಲೇ ನಾಲ್ಕನ್ನು ಒತ್ತಿದ. ಒತ್ತಿ, ಕಿರುಚಲಿ ದೇವರೇ ಎಂದು ಕಾದ.

ಅವಳು ತಿರುಗಿಯೂ ನೋಡಲಿಲ್ಲ.